ಹೋದ ಹಣದ ಹಿಂದೆ ಇನ್ನಷ್ಟು ಹಣ

ನಿನ್ನೆ ನಮ್ಮ ಸಂಘದ ವಾರ್ಷಿಕ ಮಹಾಸಭೆಯಲ್ಲಿ, ಮಕ್ಕಳಿಗೆ ಕನ್ನಡ ಕಲಿಸುವ ಮೊಬೈಲ್ ಆ್ಯಪ್‌ಗೆ ಮತ್ತೆ 2 ಲಕ್ಷ ರೂಪಾಯಿ ಮಂಜೂರಾಯಿತು. ಮೂರು ವರ್ಷಗಳಲ್ಲಿ 7 ಲಕ್ಷ ಖರ್ಚಾಗಿದ್ದರೂ ಅದನ್ನು ತೆರೆದು ನೋಡುವ ಮಕ್ಕಳು ಹತ್ತು ಮಂದಿಯೂ ಇಲ್ಲವೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. "ಇಷ್ಟು ಹಾಕಿ ಈಗ ಬಿಟ್ಟರೆ ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದ ಹಾಗಾಗುತ್ತದೆ" ಎಂದು ಹಿರಿಯರೊಬ್ಬರು ಹೇಳಿದ್ದೇ ತಡ, ಕೈಗಳು ಮೇಲೆದ್ದವು. ಆ 7 ಲಕ್ಷ ಈಗಾಗಲೇ ಹೊಳೆ ಸೇರಿದೆ. ನಾಳೆ ಹಿಂಡುವುದು ಇನ್ನೂ ನಮ್ಮ ಕೈಯಲ್ಲಿರುವ 2 ಲಕ್ಷವನ್ನು.

ಮುಂಬಯಿಯ ದಾದರಿನಿಂದ ಡೊಂಬಿವಲಿಗೆ ಲೋಕಲ್‌ ರೈಲಿನಲ್ಲಿ ಮರಳುವಾಗ ನನ್ನನ್ನು ಕಾಡಿದ್ದು ಹಣವೊಂದೇ ಅಲ್ಲ. ಕಪ್ಪು ಹಲಗೆಯ ಮುಂದೆ ನಿಂತು ಒಬ್ಬ ನಿವೃತ್ತ ಶಿಕ್ಷಕಿ ಹದಿನಾಲ್ಕು ಮಕ್ಕಳಿಗೆ ಕಾಗುಣಿತ ಕಲಿಸುತ್ತಿದ್ದ ಭಾನುವಾರದ ತರಗತಿಯನ್ನು, ಅವರ ಪ್ರಯಾಣದ ವೆಚ್ಚಕ್ಕೂ ಹಣವಿಲ್ಲವೆಂದು, ಇದೇ ಸಮಿತಿ ಕಳೆದ ವರ್ಷ ನಿಲ್ಲಿಸಿತು. ಸೋತ ಯೋಜನೆಯನ್ನು ಬದುಕಿಸಲು ನಡೆಯುತ್ತಿದ್ದ ಕೆಲಸದ ಕತ್ತು ಹಿಚುಕಿದೆವು.

ಇದು ಸಣ್ಣ ಸಂಘಗಳ ಕಾಯಿಲೆ ಮಾತ್ರವಲ್ಲ. ಶಬ್ದಕ್ಕಿಂತ ವೇಗವಾಗಿ ಹಾರುವ ಕಾಂಕಾರ್ಡ್ ವಿಮಾನಕ್ಕಾಗಿ ಬ್ರಿಟನ್ ಮತ್ತು ಫ್ರಾನ್ಸ್ 1962ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಹಿಂದೆ ಸರಿಯುವ ದಾರಿಯನ್ನೇ ಇಟ್ಟಿರಲಿಲ್ಲ. ವೆಚ್ಚ ಏರುತ್ತಿರುವುದನ್ನು ಕಂಡು 1964ರಲ್ಲಿ ಬ್ರಿಟನ್ ಬಿಡಬಯಸಿದರೂ ಬಿಡಲಾಗಲಿಲ್ಲ. ಕೊನೆಗೆ ತಯಾರಾದದ್ದು 20 ವಿಮಾನ, ಪ್ರಯಾಣಿಕರ ಸೇವೆಗೆ ಬಂದದ್ದು 14. ನಮ್ಮ ಆ್ಯಪ್‌ನ ಠರಾವಿನಲ್ಲೂ, ಎಷ್ಟು ಮಕ್ಕಳು ಸೇರದಿದ್ದರೆ ಯಾವಾಗ ನಿಲ್ಲಿಸಬೇಕೆಂಬ ಒಂದು ಸಾಲೂ ಇಲ್ಲ. ಆ ಠರಾವನ್ನು ಬರೆದವನು ನಾನೇ. ಮೂರು ವರ್ಷಗಳ ಹಿಂದೆ ಆ ಸಾಲು ನನಗೆ ಹೊಳೆಯಲಿಲ್ಲ. ಕಳೆದ ವರ್ಷ ಹೊಳೆದಾಗ, ನನ್ನದೇ ಯೋಜನೆ ಸೋತಿತೆಂದು ಒಪ್ಪಿಕೊಳ್ಳಲು ಮನಸ್ಸು ಬಾರದೆ ಸುಮ್ಮನಿದ್ದೆ.

ಗೋವಾದ ಪೆರ್ನೆಮ್‌ನಲ್ಲಿ ಕೊರೆಯುತ್ತಿದ್ದ ಸುರಂಗ ಕುಸಿದಾಗ ಕೈಬಿಟ್ಟಿದ್ದರೆ ಕೊಂಕಣ ರೈಲ್ವೆ ಆಗುತ್ತಿತ್ತೇ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. 1998ರಲ್ಲಿ ಆ ಮಾರ್ಗ ಪೂರ್ಣವಾಗಿ ತೆರೆದ ಮೇಲೆ ನಮ್ಮೆಲ್ಲರಿಗೂ ಊರು ಎಷ್ಟು ಹತ್ತಿರವಾಯಿತೆಂದು ನಾನು ಮರೆತಿಲ್ಲ. ಆದರೆ ಅಲ್ಲಿ ಕುಸಿದದ್ದು ಮಣ್ಣು. ಮುಂಬಯಿಯಲ್ಲೂ ಮಂಗಳೂರಿನಲ್ಲೂ ರೈಲಿಗಾಗಿ ಕಾಯುತ್ತಿದ್ದವರು ಹಾಗೆಯೇ ಇದ್ದರು. ನಮ್ಮ ಆ್ಯಪ್‌ಗಾಗಿ ಯಾರು ಕಾಯುತ್ತಿದ್ದಾರೆ? ಅದೇ ಕೊಂಕಣ ರೈಲ್ವೆ ಮಡಗಾಂವ್‌ನಲ್ಲಿ ಎತ್ತರದ ಹಳಿಯಿಂದ ಜೋತು ಓಡುವ ಸ್ಕೈಬಸ್ ಪ್ರಯೋಗಕ್ಕೂ ಇಳಿದಿತ್ತು. 2004ರ ಪರೀಕ್ಷೆಯ ವೇಳೆ ಅಪಘಾತವಾಗಿ ಒಂದು ಜೀವ ಹೋಯಿತು, ಹಲವು ವರ್ಷಗಳ ನಂತರವಾದರೂ ಸಂಸ್ಥೆ ಆ ಯೋಜನೆಯನ್ನು ಕೈಬಿಟ್ಟಿತು. ಅದರಿಂದ ಕೊಂಕಣ ರೈಲ್ವೆಯ ಮರ್ಯಾದೆಯೇನೂ ಹೋಗಲಿಲ್ಲ.

ಮಂಜೂರಾತಿಯನ್ನು ಮರುಪರಿಶೀಲಿಸಬೇಕೆಂದು ಇಂದು ಬೆಳಿಗ್ಗೆ ಕಾರ್ಯದರ್ಶಿಗಳಿಗೆ ಪತ್ರ ಕೊಟ್ಟಿದ್ದೇನೆ. ಠರಾವು ನನ್ನ ತಪ್ಪೆಂದೂ ಅದರಲ್ಲಿ ಬರೆದಿದ್ದೇನೆ. ಸಂಜೆ ಆ ಶಿಕ್ಷಕಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಮಾತು: "ಹಲಗೆ ಇನ್ನೂ ಅಲ್ಲೇ ಇದೆಯಾ?"