ಹೊಲಿಗೆ ಕೋಣೆಯ ಬೀಗ

ಶನಿವಾರ ಊರಿಗೆ ಹೋಗಿದ್ದೆ. ಬಂದು ಮೂರು ದಿನ ಆಯಿತು, ಸಿಟ್ಟು ಇನ್ನೂ ಇಳಿದಿಲ್ಲ. ಬರೆದರಾದರೂ ಇಳಿಯುತ್ತೇನೋ ಅಂತ ಕೂತಿದ್ದೇನೆ.

ನಮ್ಮ ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳ ಸಭೆ ಅದು. ಬ್ಯಾಚಿನ ಗ್ರೂಪಿನಲ್ಲಿ ಇರುವವರಿಗೆ ಗೊತ್ತೇ ಇದೆ, ಶಾಲೆಗೆ ನಾವೆಲ್ಲ ಸೇರಿ ಏನು ಕೊಡಬೇಕು ಅಂತ ಎರಡು ತಿಂಗಳಿಂದ ಮಾತು ನಡೆಯುತ್ತಿತ್ತು. ಹೋಗುವಷ್ಟರಲ್ಲಿ ಸ್ಮಾರ್ಟ್ ಬೋರ್ಡ್ ಅಂತ ತೀರ್ಮಾನ ಆಗಿತ್ತು. ನನ್ನದೇನೂ ತಕರಾರು ಇರಲಿಲ್ಲ. ಸುಮ್ನೆ ಒಂದು ಮಾತು ಕೇಳಿದೆ. "ನಮ್ಮ ಹೊಲಿಗೆ ಕೋಣೆ ಈಗ ಹೇಗಿದೆ?"

ಬೀಗದ ಕೈ ಹುಡುಕುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಬಾಗಿಲು ತೆಗೆದರೆ ಕಾಲು ಮುರಿದ ಬೆಂಚುಗಳು, ಹಳೆ ಉತ್ತರ ಪತ್ರಿಕೆಗಳ ಮೂಟೆ, ಹಾಲಿನ ಪುಡಿಯ ಖಾಲಿ ಚೀಲ. ಅವುಗಳ ಹಿಂದೆ ಗೋಡೆಗೆ ಒತ್ತಿಕೊಂಡು ಆರು ಮಿಷಿನ್ನುಗಳು. ಕಾಲಲ್ಲಿ ತುಳಿಯುವ ಮಿಷಿನ್ನುಗಳು. 1996ರಲ್ಲಿ ನಾವು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಕೂತು ಕಲಿತಿದ್ದು ಇವುಗಳ ಮೇಲೆಯೇ. ನಾಲ್ಕಕ್ಕೆ ಬೆಲ್ಟೇ ಇಲ್ಲ. ಕಿಟಕಿ ಪಕ್ಕದ್ದರ ಬಾಬಿನ್ ಕೇಸ್ ಬಿಚ್ಚಿ ನೋಡಿದೆ. ಒಳಗೆ ಇನ್ನೂ ನೀಲಿ ದಾರ ಇತ್ತು. ಯಾರೋ ಯೂನಿಫಾರ್ಮಿನ ಲಂಗ ಹೊಲಿಯುತ್ತಾ ಅರ್ಧಕ್ಕೆ ಎದ್ದು ಹೋದ ಹಾಗೆ. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನಿಂತಾಗ ನನಗೆ ಅಳು ಬಂತು. ಹೇಳಿಕೊಳ್ಳಲು ನಾಚಿಕೆ ಇಲ್ಲ.

ನಮ್ಮ ಹೊಲಿಗೆ ಟೀಚರ್ ರಿಟೈರ್ ಆದ ಮೇಲೆ ಆ ಹುದ್ದೆಗೆ ಯಾರೂ ಬರಲಿಲ್ಲವಂತೆ. ಬೀಗ ಬಿದ್ದಿದ್ದು ಅಷ್ಟಕ್ಕೇ. ಮಕ್ಕಳಿದ್ದಾರೆ, ಕೋಣೆ ಇದೆ, ಮಿಷಿನ್ ಇದೆ, ಟೀಚರ್ ಇಲ್ಲ.

ಆ ಟೀಚರ್ ನಮಗೆ ಏನು ಕಲಿಸಿದರು ಅಂತ ಒಂದು ಉದಾಹರಣೆ ಹೇಳುತ್ತೇನೆ. ಪುಟ್ಟ ಹುಡುಗಿಗೆ ಅಂಬ್ರೆಲಾ ಲಂಗ ಹೊಲಿಯಬೇಕು. ಸೊಂಟದ ಸುತ್ತಳತೆ 22 ಇಂಚು. ಟೀಚರ್ ಹಳೆ ಪೇಪರನ್ನು ನಾಲ್ಕು ಮಡಿಕೆ ಮಾಡಿಸಿದರು. ಮಡಿಕೆಯ ಮೂಲೆಯಿಂದ ಎಷ್ಟು ಇಂಚಿಗೆ ಗುರುತು ಹಾಕಬೇಕು, ನೀವೇ ಹೇಳಿ ಅಂದರು. ಯಾರಿಗೂ ಗೊತ್ತಾಗಲಿಲ್ಲ. "ಬೆಳಿಗ್ಗೆ ಲೆಕ್ಕದ ಮೇಷ್ಟ್ರು ವೃತ್ತದ ಪರಿಧಿ ಮಾಡಲಿಲ್ವಾ?" ಅಂದರು. 2ಪೈಆರ್. ಸೊಂಟವೇ ಪರಿಧಿ, ಮೂಲೆಯಿಂದ ಗುರುತಿಗಿರುವ ದೂರವೇ ಆರ್, ಅಂದರೆ ತ್ರಿಜ್ಯ. ಪೈ ಅಂದರೆ 22/7 ಇಟ್ಟುಕೊಂಡು ಭಾಗಿಸಿದೆವು. ಮೂರೂವರೆ ಇಂಚು ಬಂತು. ಮೂಲೆಯಲ್ಲಿ ಟೇಪ್ ಹಿಡಿದು ಮೂರೂವರೆಗೆ ಕಮಾನು ಗೀಚಿ, ಕತ್ತರಿಸಿ, ಬಿಡಿಸಿದರೆ ನಡುವೆ ದುಂಡಗೆ ಸೊಂಟದ ತೂತು. ಟೇಪ್ ಸುತ್ತಿ ಅಳೆದೆವು. ಸರಿಯಾಗಿ 22! ಇಡೀ ಕ್ಲಾಸು ಕಿರುಚಿತು. ಹತ್ತು ಸಲ ಬರೆದು ಬಾಯಿಪಾಠ ಮಾಡಿದ್ದ ಸೂತ್ರ ಅವತ್ತು ನನಗೆ ಅರ್ಥವಾಯಿತು. ಇವತ್ತಿಗೂ ವೃತ್ತ ಅಂದರೆ ನನ್ನ ಕಣ್ಣ ಮುಂದೆ ಬರುವುದು ಆ ಪೇಪರಿನ ತೂತು.

ಮುಂದೆ ನಾನು ಟೈಲರ್ ಆಗಲಿಲ್ಲ. ಬ್ಯಾಂಕಿನಲ್ಲಿದ್ದೇನೆ. ಆದರೆ ಅಪ್ಪ ತೀರಿಕೊಂಡ ವರ್ಷ ನಾನು ಡಿಗ್ರಿ ಫೀಸು ಕಟ್ಟಿದ್ದು ಅಕ್ಕಪಕ್ಕದ ಮನೆಯವರ ಬ್ಲೌಸ್ ಹೊಲಿದು. ಹತ್ತಿರದವರಿಗೆ ಇದು ಗೊತ್ತು.

ಸಭೆಯಲ್ಲಿ ಇದನ್ನೆಲ್ಲ ಹೇಳಿದರೆ ಗೆಳತಿಯೊಬ್ಬಳು, "ಈಗ ರೆಡಿಮೇಡ್ ಕಾಲ ಕಣೇ, ಹೊಲಿಗೆ ಯಾರಿಗೆ ಬೇಕು?" ಅಂದಳು. ಅದೇ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಸರ್ಕಾರ ಯೂನಿಫಾರ್ಮಿನ ಬಟ್ಟೆ ಕೊಡುತ್ತದೆ. ಹೊಲಿಸುವ ಖರ್ಚು ಅಪ್ಪ ಅಮ್ಮಂದಿರ ತಲೆ ಮೇಲೆ. ಕೂಲಿ ಮಾಡುವ ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಅದೇನು ಸಣ್ಣ ಖರ್ಚಲ್ಲ. ಬಟ್ಟೆ ಹಂಚುವ ಜಾಗದಿಂದ ಹತ್ತು ಹೆಜ್ಜೆ ದೂರದಲ್ಲಿ ಆರು ಮಿಷಿನ್ ತುಕ್ಕು ಹಿಡಿಯುತ್ತಿವೆ. ಇದು ಯಾರ ಕಣ್ಣಿಗೂ ಬೀಳುತ್ತಿಲ್ಲವಲ್ಲ!

ಯೋಜನೆಗಳಿಗಂತೂ ಬರ ಇಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ, ಕೈಕಸುಬಿನ ಮೂಲಕವೇ ಪಾಠ ಕಲಿಸಿ ಅಂದರು. ಅರವತ್ತರ ದಶಕದಲ್ಲಿ ಕೇಂದ್ರದ ಕೊಠಾರಿ ಶಿಕ್ಷಣ ಆಯೋಗ ಕೈಕೆಲಸದ ಕಲಿಕೆಗೆ 'ಕಾರ್ಯಾನುಭವ' ಅಂತ ಹೆಸರಿಟ್ಟಿತು. ಎಪ್ಪತ್ತರ ದಶಕದ ಕೊನೆಗೆ ಅದು ಎಸ್‌ಯುಪಿಡಬ್ಲ್ಯೂ, ಅಂದರೆ ಸಮಾಜಕ್ಕೆ ಉಪಯೋಗವಾಗುವ ಉತ್ಪಾದಕ ಕೆಲಸ, ಆಯಿತು. ಪಿಯುಸಿ ಹಂತದಲ್ಲಿ ಉದ್ಯೋಗಕ್ಕೆ ತಯಾರು ಮಾಡುವ ಕೋರ್ಸು ಜೆಒಸಿ ಬಂತು, ಅದೂ ಮುಚ್ಚಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) 2025ರೊಳಗೆ ಅರ್ಧದಷ್ಟು ವಿದ್ಯಾರ್ಥಿಗಳಿಗಾದರೂ ವೃತ್ತಿ ಕಲಿಕೆಯ ಪರಿಚಯ ಆಗಬೇಕು ಅಂದಿತು. ಆರರಿಂದ ಎಂಟನೇ ಕ್ಲಾಸಿನ ಮಕ್ಕಳು ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಜೊತೆ ಕಲಿಯಲಿ ಅಂತಲೂ ಬರೆದಿದೆ. ಓದಿದರೆ ಖುಷಿಯಾಗುತ್ತದೆ. ಎನ್‌ಇಪಿ ಬೇಕು, ರಾಜ್ಯದ್ದೇ ಶಿಕ್ಷಣ ನೀತಿ ಎಸ್‌ಇಪಿ ಬೇಕು ಅನ್ನುವ ಜಗಳಕ್ಕೆ ನಾನು ಬರಲ್ಲ. ಯಾವುದೇ ನೀತಿ ಬರಲಿ, ನಮ್ಮ ಶಾಲೆಯ ಬೀಗ ತೆಗೆಯಲು ಒಬ್ಬ ಕಾಯಂ ಟೀಚರ್ ಬೇಕು. ಲೆಕ್ಕಕ್ಕೆ, ವಿಜ್ಞಾನಕ್ಕೆ ಇರುವ ಹಾಗೆ ಸಂಬಳ, ಪೀರಿಯಡ್ಡು, ಮರ್ಯಾದೆ ಎಲ್ಲ ಇರುವ ಟೀಚರ್. ವರ್ಷ ವರ್ಷ ಗುತ್ತಿಗೆ ಮುಗಿಯುತ್ತೇನೋ ಅಂತ ಹೆದರಿಕೊಂಡಿರುವವರಿಗೆ ಮಕ್ಕಳ ಜೊತೆ ನೆಮ್ಮದಿಯಿಂದ ಕೂರಲು ಹೇಗೆ ಆಗುತ್ತೆ?

ಸಭೆ ಮುಗಿದ ಮೇಲೆ ಗೆಳೆಯನೊಬ್ಬ ಪಕ್ಕಕ್ಕೆ ಕರೆದು ಹೇಳಿದ. ಅವನ ಮಾತನ್ನು ಮಾತ್ರ ನಾನು ಹಗುರವಾಗಿ ತಗೊಳ್ಳಲಾರೆ. "ಸರ್ಕಾರಿ ಶಾಲೆಗೆ ಬರೋರು ನಮ್ಮಂಥವರ ಮಕ್ಕಳು. ಅವರಿಗೆ ಮತ್ತೆ ಹೊಲಿಗೆ, ಗಾರೆ ಕೆಲಸ ಕಲಿಸಿ ಅಂತೀಯ. ಗಾರ್ಮೆಂಟ್ಸ್‌ಗೇ ಕಳಿಸೋಕಾ?" ಅಂದ. ಅವನ ಭಯ ಸುಳ್ಳಲ್ಲ. 1953ರಲ್ಲಿ ಮದ್ರಾಸಿನ ಮುಖ್ಯಮಂತ್ರಿ ರಾಜಾಜಿ, ಮಕ್ಕಳಿಗೆ ಅರ್ಧ ದಿನ ಶಾಲೆ ಸಾಕು, ಉಳಿದ ಹೊತ್ತು ಮನೆಯ ಕಸುಬು ಕಲಿಯಲಿ ಅಂದಿದ್ದರು. ಜಾತಿಯ ಕಸುಬಿಗೇ ಕಟ್ಟಿಹಾಕುತ್ತೀರಾ ಅಂತ ಜನ ತಿರುಗಿಬಿದ್ದರು. ಮರುವರ್ಷ ಆ ಯೋಜನೆಯೂ ಹೋಯಿತು, ಅವರ ಕುರ್ಚಿಯೂ ಹೋಯಿತು. ಜನ ಮಾಡಿದ್ದು ಸರಿಯಾಗೇ ಇತ್ತು. 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ್ದು ನೆನಪಿದೆ ಅಲ್ವಾ? ಅದನ್ನು ಕೆಲಸ ಕಲಿಸುವುದು ಅನ್ನಲ್ಲ. ಅದು ಅಪರಾಧ.

ಆದರೆ ನಾನು ಕೇಳುತ್ತಿರುವುದು ಅದರ ಉಲ್ಟಾ. ಬಡಗಿಯ ಮಗ ಬಡಗಿ ಕೆಲಸವನ್ನೇ ಕಲಿಯಲಿ ಅಂತ ಅಲ್ಲ. ಎಲ್ಲ ಮಕ್ಕಳೂ ಎಲ್ಲವನ್ನೂ ಕಲಿಯಲಿ. ಅಕ್ಕಸಾಲಿಗರ ಮಗಳು ನಲ್ಲಿಯ ವಾಷರ್ ಹಾಕಲಿ, ಪೂಜಾರಿಗಳ ಮಗ ಚಪ್ಪಲಿಯ ಉಂಗುಷ್ಟ ಹೊಲಿಯಲಿ, ಗೌಡರ ಮಗ ಅನ್ನ ಸಾರು ಮಾಡಲಿ. ನಮ್ಮ ಕಾಲದಲ್ಲಿ ಹುಡುಗರಿಗೆ ತೋಟ, ಹುಡುಗಿಯರಿಗೆ ಹೊಲಿಗೆ ಅಂತ ಭಾಗ ಮಾಡಿದ್ದರಲ್ಲ, ಅದೂ ತಪ್ಪೇ. ಇನ್ನು ಗಾರ್ಮೆಂಟ್ಸ್ ಮಾತು. ಅಲ್ಲಿ ಒಬ್ಬಳು ದಿನವಿಡೀ ಕಾಲರ್ ಮಾತ್ರ ಹೊಲಿಯುತ್ತಾಳೆ, ಇನ್ನೊಬ್ಬಳು ತೋಳು ಮಾತ್ರ. ಇಡೀ ಅಂಗಿಯ ಅಳತೆ, ಕಟಿಂಗು, ಹೊಲಿಗೆ ಎಲ್ಲ ಗೊತ್ತಿರುವ ಹುಡುಗಿಗೆ ಊರಲ್ಲೇ ಸ್ವಂತ ಅಂಗಡಿ ಇಡುವ ದಾರಿ ಒಂದಾದರೂ ತೆರೆದಿರುತ್ತದೆ. ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಫೀಸು ತಗೊಳ್ಳುವ ಶಾಲೆಗಳಲ್ಲಿ ಕುಂಬಾರನ ಚಕ್ರ ಇದೆ, ಮರಗೆಲಸದ ಟೇಬಲ್ ಇದೆ, ತರಕಾರಿ ಮಡಿ ಇದೆ. ನನ್ನ ಸಹೋದ್ಯೋಗಿಯ ಮಗಳು ತಾನೇ ಮಾಡಿದ ಸ್ಟೂಲ್ ತಂದು ತೋರಿಸಿದ್ದಳು. ಎಷ್ಟು ಹೆಮ್ಮೆ ಆ ಮುಖದಲ್ಲಿ! ಆ ಹೆಮ್ಮೆ ನಮ್ಮೂರ ಮಕ್ಕಳಿಗೆ ಯಾಕೆ ಬೇಡ?

ಇಷ್ಟೆಲ್ಲ ಹೇಳುವ ನಾನು ಮನೆಯಲ್ಲಿ ಏನು ಮಾಡಿದೆ ಅನ್ನುವುದನ್ನೂ ಹೇಳಬೇಕು. ಮಗ ಏಳನೇ ಕ್ಲಾಸಿನಲ್ಲಿದ್ದಾಗ ಕೆಟ್ಟ ಇಸ್ತ್ರಿ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದ. ಮಾರನೇ ದಿನ ಟೆಸ್ಟು. ಸ್ಕ್ರೂಡ್ರೈವರ್ ಕಿತ್ತುಕೊಂಡು, "ಇದೆಲ್ಲ ಮಾಡೋಕೆ ಬೇರೆಯವರಿದ್ದಾರೆ, ನೀನು ಓದ್ಕೋ ಹೋಗು" ಅಂದೆ. ಈಗ ಇಂಜಿನಿಯರಿಂಗ್ ಎರಡನೇ ವರ್ಷ. ಹೋದ ತಿಂಗಳು ಹಾಸ್ಟೆಲಿನಿಂದ ಫೋನು. ಪ್ಲಗ್ಗಿನ ವೈರ್ ಕಿತ್ತು ಬಂದಿದೆ, ಏನು ಮಾಡಲಿ ಅಂತ. ಹಸಿರು ವೈರು ಮೇಲಿನ ದಪ್ಪ, ಉದ್ದ ಪಿನ್ನಿಗೆ, ಅದೇ ಅರ್ತು ಅಂತ ನಾನು ಒಂದೊಂದಾಗಿ ಹೇಳುತ್ತಿದ್ದರೆ, "ಅಮ್ಮ, ಅವತ್ತು ನೀನೇ ಬೇಡ ಅಂದಿದ್ದೆ ಅಲ್ವಾ" ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ. 'ಬೇರೆಯವರಿದ್ದಾರೆ' ಅಂದೆನಲ್ಲ, ಆ ಬೇರೆಯವರು ಯಾರು? ಕೈಕೆಲಸ ಮಾಡುವವರು ನಮಗಿಂತ ಕಡಿಮೆ ಅಂತ ನಾನೇ ಅವನಿಗೆ ಹೇಳಿಕೊಟ್ಟ ಹಾಗಾಯಿತು. ಹೊಲಿದು ಫೀಸು ಕಟ್ಟಿದ ನಾನು!

ಶನಿವಾರದ್ದೇ ಇನ್ನೊಂದು ಮಾತು. ಕಿಟಕಿ ಪಕ್ಕದ ಮಿಷಿನ್ ಒರೆಸಿ, ಅಡುಗೆ ಕೋಣೆಯಿಂದ ಕೊಬ್ಬರಿ ಎಣ್ಣೆ ತರಿಸಿ ಎರಡು ಹನಿ ಬಿಟ್ಟೆ. ಮಿಷಿನ್ನಿಗೆ ಹಾಕುವ ಎಣ್ಣೆ ಅದಲ್ಲ ಅಂತ ಗೊತ್ತು, ಆದರೆ ಬೇರೆ ಇರಲಿಲ್ಲ. ಚಕ್ರ ಮೊದಲು ಕಿರುಗುಟ್ಟಿತು, ಆಮೇಲೆ ತಿರುಗಿತು. ಬಾಗಿಲಲ್ಲಿ ಏಳೆಂಟು ಮಕ್ಕಳು ನಿಂತಿದ್ದರು. ಎಂಟನೇ ಕ್ಲಾಸಿನ ಹುಡುಗನೊಬ್ಬ ಮುಂದೆ ಬಂದು, "ಮೇಡಂ, ನಾನೂ ತುಳೀಲಾ?" ಅಂದ. ಕೂರಿಸಿದೆ. ಚಕ್ರ ಹಿಂದಕ್ಕೆ ಓಡಿತು. ಎಲ್ಲರಿಗೂ ಮೊದಲು ಹಾಗೇ ಆಗೋದು. ಐದಾರು ಸಲ ಪ್ರಯತ್ನ ಮಾಡಿದ ಮೇಲೆ ಮುಂದಕ್ಕೆ ತಿರುಗಿತು. ಅವನು ಕಾಲು ತೆಗೆಯಲೇ ಇಲ್ಲ. ಊಟದ ಬೆಲ್ ಹೊಡೆದರೂ ಏಳಲಿಲ್ಲ.

ಸ್ಮಾರ್ಟ್ ಬೋರ್ಡ್ ಕೊಡಿ, ನನ್ನ ಪಾಲೂ ಕೊಡುತ್ತೇನೆ. ಹುದ್ದೆ ತುಂಬಿ ಅಂತ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಆಫೀಸಿಗೆ ಅರ್ಜಿ ಬರೆದಿದ್ದೇನೆ, ಅದಕ್ಕೆ ಬ್ಯಾಚಿನವರೆಲ್ಲ ಸಹಿ ಹಾಕಿ. ನಾನು ತಿಂಗಳಿಗೆ ಎರಡು ಶನಿವಾರ ಹೋಗಿ ಕೂತರೆ ಒಬ್ಬ ಟೀಚರ್ ಬಂದ ಹಾಗೆ ಆಗಲ್ಲ, ಅದು ನನಗೆ ಗೊತ್ತು. ಆದರೂ ಮುಂದಿನ ಶನಿವಾರ ಹೋಗುತ್ತಿದ್ದೇನೆ. ನಾಲ್ಕು ಬೆಲ್ಟು, ಹದಿನಾರನೇ ನಂಬರ್ ಸೂಜಿ, ಒಂದು ಡಬ್ಬಿ ಮಿಷಿನ್ ಎಣ್ಣೆ ತಂದಿಟ್ಟಿದ್ದೇನೆ. ಬರುವವರು ಬೆಳಿಗ್ಗೆ ಎಂಟಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಸಿಗಿ. ಹಳೆ ಪೇಪರ್ ಇದ್ದರೆ ತನ್ನಿ.