ಹದ್ದಿಗೆ ಪಾಸು, ಪಾರಿವಾಳಕ್ಕೆ ನೋಟಿಸು

ಶಾಂತಿ ಬೇಕು ಅಂತ ಯಾರು ಬೇಕಾದ್ರೂ ಎದ್ದು ನಿಂತು ಹೇಳ್ಬಹುದು ಅನ್ಕೊಂಡಿದ್ರೆ ಆ ಭ್ರಮೆ ಬಿಟ್ಬಿಡಿ ಸ್ವಾಮಿ, ಆಟದ ಮೈದಾನದಲ್ಲಿ ಅದಕ್ಕೊಂದು ಪದ್ಧತಿ ಇದೆ. 2023ರ ಮಹಿಳಾ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಫಿಫಾದವ್ರು ಎಂಟು ಥರದ ತೋಳುಪಟ್ಟಿ ಮಾಡಿಸಿ ಕ್ಯಾಪ್ಟನ್‌ಗಳ ಮುಂದಿಟ್ರು, ಯಾವ್ದು ಬೇಕೋ ಆರಿಸ್ಕೊಳ್ಳಿ ಅಂತ. ಒಂದು ಹಸಿವಿಗೆ, ಒಂದು ಓದಿಗೆ, ಒಂದು ಮೂಲನಿವಾಸಿಗಳಿಗೆ, ಒಂದು ಹೆಣ್ಮಕ್ಕಳ ಮೇಲಿನ ದೌರ್ಜನ್ಯದ ವಿರುದ್ಧ, ಹಾಗೇ ಒಂದು ಶಾಂತಿಗೆ. ಒಂದು ಮ್ಯಾಚಿಗೆ ಒಂದೇ ಪಟ್ಟಿ, ಹಾಗಾಗಿ ಶಾಂತಿ ಬೇಕಂದೋರು ಆವತ್ತು ಹಸಿವನ್ನ ಮರೀಬೇಕು. ಯಾವ ಯುದ್ಧ, ಯಾರು ಯಾರ ಮೇಲೆ ಬಾಂಬ್ ಹಾಕ್ತಿದಾರೆ, ಅದೆಲ್ಲ ಪಟ್ಟಿ ಮೇಲೆ ಇರ್ಲಿಲ್ಲ, ಅಷ್ಟು ಜಾಗ ಎಲ್ಲಿದೆ ಹೇಳಿ. ಅದರ ಹಿಂದಿನ ವರ್ಷ ಕತಾರ್‌ನಲ್ಲಿ ಯುರೋಪಿನ ಏಳು ತಂಡದ ಕ್ಯಾಪ್ಟನ್‌ಗಳು ನಾವು ನಮ್ಮದೇ ಪಟ್ಟಿ ಕಟ್ಕೊತೀವಿ ಅಂದಿದ್ರು, ಕಟ್ಕೊಂಡ್ ಬಂದ್ರೆ ಹಳದಿ ಕಾರ್ಡ್ ಅಂತ ಗೊತ್ತಾಗಿದ್ದೇ ತಡ ಎಲ್ರೂ ಪಟ್ಟಿ ಮಡಚಿ ಒಳಗಿಟ್ರು. ಅದು ಬೇರೆ ವಿಷ್ಯದ ಪಟ್ಟಿ ಬಿಡಿ, ಆದ್ರೆ ಪಾಠ ಮಾತ್ರ ಎಲ್ರಿಗೂ ಅರ್ಥ ಆಯ್ತು.

ಹಾಗಂತ ಫಿಫಾದವ್ರಿಗೆ ಶಾಂತಿ ಕಂಡ್ರೆ ಆಗಲ್ಲ ಅನ್ಬೇಡಿ. 2025ರ ಡಿಸೆಂಬರ್ 5ಕ್ಕೆ ವಾಷಿಂಗ್ಟನ್‌ನಲ್ಲಿ ವಿಶ್ವಕಪ್ ಡ್ರಾ ಇಟ್ಕೊಂಡಿದ್ರಲ್ಲ, ಯಾವ ತಂಡ ಯಾವ ಗುಂಪಿಗೆ ಅಂತ ಚೀಟಿ ಎತ್ತೋ ಕಾರ್ಯಕ್ರಮ, ಅದೇ ವೇದಿಕೆ ಮೇಲೆ ಹೊಸದಾಗಿ ಹುಟ್ಟಿಸಿದ ಫಿಫಾ ಶಾಂತಿ ಪ್ರಶಸ್ತಿನೂ ಕೊಟ್ಬಿಟ್ರು. ಮೊಟ್ಟಮೊದಲ ವಿಜೇತ ಡೊನಾಲ್ಡ್ ಟ್ರಂಪ್. ಚಿನ್ನದ ಬಣ್ಣದ ದೊಡ್ಡ ಟ್ರೋಫಿ, ಸರ್ಟಿಫಿಕೇಟು, ಜೊತೆಗೊಂದು ಮೆಡಲು, ಆ ಮೆಡಲನ್ನ ಅವ್ರೇ ಎತ್ಕೊಂಡು ಅವ್ರೇ ಕೊರಳಿಗೆ ಹಾಕ್ಕೊಂಡ್ರು, ಪಕ್ಕದಲ್ಲಿ ಫಿಫಾ ಅಧ್ಯಕ್ಷ ಇನ್ಫಾಂಟಿನೊ ಮುಖ ಅರಳಿಸ್ಕೊಂಡು ನಿಂತಿದ್ರು. ಕ್ವಾಲಿಫೈಯಿಂಗ್ ರೌಂಡ್ ಎಲ್ಲಾಯ್ತು, ಫೈನಲ್‌ನಲ್ಲಿ ಸೋತೋರ್ಯಾರು ಅಂತೆಲ್ಲ ಕೇಳ್ಬೇಡಿ. ಫಿಫಾದ ನಿಯಮ ಪುಸ್ತಕದಲ್ಲಿ ನಾವು ರಾಜಕೀಯದ ವಿಷ್ಯದಲ್ಲಿ ತಟಸ್ಥರು ಅಂತ ಬರ್ಕೊಂಡಿದಾರೆ. ಅದನ್ನ ಹೀಗೆ ಓದ್ಕೋಬೇಕು: ಆಟಗಾರ ಶಾಂತಿ ಅಂದ್ರೆ ರಾಜಕೀಯ, ರಾಜಕಾರಣಿಗೆ ಶಾಂತಿ ಕಪ್ ಕೊಟ್ರೆ ಆಟ.

ಕ್ರಿಕೆಟ್‌ನವ್ರೇನು ಕಮ್ಮಿ ಇಲ್ಲ. 2023ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಓಪನರ್ ಉಸ್ಮಾನ್ ಖವಾಜ ಪ್ರಾಕ್ಟೀಸಿಗೆ ಬಂದಾಗ ಶೂ ಮೇಲೆ ಕೈಬರಹದಲ್ಲಿ ಎರಡು ಸಾಲಿತ್ತು, ಸ್ವಾತಂತ್ರ್ಯ ಮನುಷ್ಯನ ಹಕ್ಕು ಅಂತ ಒಂದು, ಎಲ್ಲಾ ಜೀವಗಳೂ ಸಮಾನ ಅಂತ ಇನ್ನೊಂದು. ಗಾಜಾದಲ್ಲಿ ಮಕ್ಕಳು ಸಾಯ್ತಿದ್ದ ಸಮಯ. ಐಸಿಸಿ ಹತ್ರ ಬಟ್ಟೆ ಮತ್ತು ಸಾಮಾನಿನ ನಿಯಮ ಅಂತ ಒಂದಿದೆ, ರಾಜಕೀಯ, ಧಾರ್ಮಿಕ, ಜನಾಂಗೀಯ ಸಂದೇಶ ಎಲ್ಲೂ ಇರ್ಬಾರ್ದು ಅಂತ, ಅದರ ಪ್ರಕಾರ ಇದು ಆಗಲ್ಲ ಅಂದ್ರು. ಪುಣ್ಯಾತ್ಮ ಪರ್ತ್ ಟೆಸ್ಟ್‌ನಲ್ಲಿ ಅದೇ ಶೂ ಮೇಲೆ ಟೇಪ್ ಸುತ್ಕೊಂಡು, ತೋಳಿಗೆ ಕಪ್ಪುಪಟ್ಟಿ ಕಟ್ಕೊಂಡು ಪಾಕಿಸ್ತಾನದ ಎದುರು ಓಪನಿಂಗ್ ಮಾಡಿದ. ಕಪ್ಪುಪಟ್ಟಿಗೂ ಒಂದು ವಾಗ್ದಂಡನೆ ಬಂತು, ಮೊದಲೇ ಅನುಮತಿ ತಗೊಂಡಿಲ್ಲ ಅಂತ. ದುಃಖ ಆಗೋ ಮುಂಚೆ ಅರ್ಜಿ ಹಾಕ್ಬೇಕಿತ್ತು ಅನ್ಸುತ್ತೆ.

ಸರಿ, ಮಾತು ಬೇಡ ಚಿತ್ರ ಆಗ್ಬಹುದು ಅಂತ ಮುಂದಿನ ಟೆಸ್ಟ್‌ಗೆ ಒಂದು ಸ್ಟಿಕ್ಕರ್ ತಂದ. ಕಪ್ಪು ಬಣ್ಣದ ಪುಟ್ಟ ಪಾರಿವಾಳ, ಬಾಯಲ್ಲಿ ಆಲಿವ್ ರೆಂಬೆ, ಜೊತೆಗೆ ವಿಶ್ವ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿ ಅಂತ ಸೂಚಿಸೋ ಒಂದು ಸಂಕೇತಾಕ್ಷರ. ಎಲ್ಲಾ ಮನುಷ್ಯರೂ ಹುಟ್ಟುತ್ತಾ ಸ್ವತಂತ್ರರು, ಸಮಾನರು ಅನ್ನೋ ವಿಧಿ ಅದು, 1948ರಲ್ಲೇ ವಿಶ್ವಸಂಸ್ಥೆ ಒಪ್ಕೊಂಡಿದ್ದು. ಮೆಲ್ಬೋರ್ನ್ ನೆಟ್ಸ್‌ನಲ್ಲಿ ಅಂಟಿಸ್ಕೊಂಡು ಆಡಿದ, ಮ್ಯಾಚಿಗೆ ಅಂಟಿಸ್ಕೋಬೇಡಪ್ಪ ಅಂದ್ರು. ಈಗ ನೋಡಿ ತಮಾಷೆ, ಅದೇ ತಂಡದ ಲಬುಶೇನ್ ಬ್ಯಾಟಿನ ಮೇಲೆ ಒಂದು ಹದ್ದಿದೆ, ಬೈಬಲ್‌ನ ಒಂದು ವಚನದ ಗುರುತು ಅದು. ಅದನ್ನ ಯಾರೂ ಕೇಳಿಲ್ಲ. (ಕೇಳ್ಬೇಕು ಅಂತ ನಾನೂ ಹೇಳ್ತಿಲ್ಲ, ಪಾಪ ಅವನ ಭಕ್ತಿ ಅವನದು.) ಕ್ಯಾಪ್ಟನ್ ಕಮಿನ್ಸ್ ಕೂಡ ಇವೆರಡಕ್ಕೂ ಏನು ವ್ಯತ್ಯಾಸ ಅಂತ ಪ್ರೆಸ್ ಮುಂದೆ ಕೇಳಿದ್ರು, ವೆಸ್ಟ್ ಇಂಡೀಸ್‌ನ ಹಳೇ ವೇಗದ ಬೌಲರ್ ಮೈಕೆಲ್ ಹೋಲ್ಡಿಂಗ್ ಅಂತೂ ಇದು ಶುದ್ಧ ಇಬ್ಬಂದಿತನ ಅಂತ ಉಗಿದ್ರು. ಆ ಪರಿಶೀಲನಾ ಮೀಟಿಂಗ್‌ನಲ್ಲಿ ಏನ್ ಮಾತಾಡಿರ್ತಾರೆ ಅಂತ ನಾನೇ ಊಹೆ ಮಾಡ್ಕೊಂಡಿದೀನಿ:

"ಸಾರ್, ಬ್ಯಾಟಿನ ಮೇಲೆ ಹಕ್ಕಿ ಸಾರ್."
"ಯಾವ ಹಕ್ಕಿ?"
"ಪಾರಿವಾಳ."
"ಬಾಯಲ್ಲಿ ಏನಾದ್ರೂ ಇದ್ಯಾ?"
"ಎಲೆ ಇದೆ ಸಾರ್."
"ಎಲೆನಾ? ರಿಜೆಕ್ಟ್ ಮಾಡ್ರಿ ಮೊದ್ಲು. ಆ ಇನ್ನೊಬ್ಬನ ಹದ್ದಿನ ಬಾಯಲ್ಲಿ ಏನಿದೆ?"
"ಏನೂ ಇಲ್ಲ ಸಾರ್, ಉಗುರು ಮಾತ್ರ ಇರ್ಬೇಕು."
"ಉಗುರಿದ್ರೆ ಪರ್ವಾಗಿಲ್ಲ."

ಕೊನೆಗೆ ಖವಾಜ ತನ್ನ ಇಬ್ಬರು ಹೆಣ್ಮಕ್ಕಳ ಹೆಸರನ್ನ ಶೂ ಮೇಲೆ ಬರ್ಕೊಂಡು ಬಾಕ್ಸಿಂಗ್ ಡೇ ಟೆಸ್ಟ್‌ಗೆ ಇಳಿದ. ಅಂದ್ರೆ ನಿನ್ನ ಮಕ್ಕಳ ಬಗ್ಗೆ ಬರ್ಕೋಬಹುದು, ಬೇರೆಯವ್ರ ಮಕ್ಕಳ ಬಗ್ಗೆ ಬರೀಬಾರ್ದು.

ಒಲಿಂಪಿಕ್ಸ್‌ನವ್ರ ಶಾಂತಿ ಇನ್ನೂ ಘನವಾದದ್ದು. ಅಲ್ಲಿ ಕದನವಿರಾಮ ಅಂತಾನೇ ಒಂದಿದೆ, 1993ರಿಂದ ಪ್ರತೀ ಕೂಟಕ್ಕೆ ಮುಂಚೆ ವಿಶ್ವಸಂಸ್ಥೆ ಸಭೆಯಲ್ಲಿ ನಿರ್ಣಯ ಪಾಸಾಗುತ್ತೆ, ಒಲಿಂಪಿಕ್ಸ್‌ಗೆ ಏಳು ದಿನ ಮೊದ್ಲಿಂದ ಪ್ಯಾರಾಲಿಂಪಿಕ್ಸ್ ಮುಗಿದು ಏಳು ದಿನದ ತನಕ ಯಾರೂ ಹೊಡೆದಾಡ್ಬಾರ್ದು. ಅಥ್ಲೀಟ್‌ಗಳ ಹಳ್ಳಿಯಲ್ಲಿ ಒಂದು ಗೋಡೆ ಮಾಡಿರ್ತಾರೆ, ಹುಡುಗ್ರೆಲ್ಲ ಸಾಲಾಗಿ ಬಂದು ಸೈನ್ ಹಾಕಿ ಫೋಟೋ ತೆಗೆಸ್ಕೊಂಡು ಹೋಗ್ತಾರೆ. 2008ರ ಬೀಜಿಂಗ್ ಉದ್ಘಾಟನೆ ದಿನವೇ ರಷ್ಯಾ ಜಾರ್ಜಿಯಾ ಯುದ್ಧ ಶುರುವಾಗಿತ್ತು. 2022ರ ಬೀಜಿಂಗ್ ಚಳಿಗಾಲದ ಕೂಟ ಮುಗಿದಿದ್ದು ಫೆಬ್ರವರಿ 20, ರಷ್ಯಾದ ಟ್ಯಾಂಕು ಉಕ್ರೇನಿಗೆ ನುಗ್ಗಿದ್ದು 24ಕ್ಕೆ, ವಿರಾಮ ಇನ್ನೂ ಚಾಲ್ತಿಯಲ್ಲಿತ್ತು. ಯುದ್ಧಕ್ಕೆ ಮುಂಚೆ ಫೆಬ್ರವರಿ 11ಕ್ಕೆ ಉಕ್ರೇನಿನ ಸ್ಕೆಲಿಟನ್ (ಪುಟ್ಟ ಜಾರುಬಂಡಿ ಮೇಲೆ ಬೋರಲು ಮಲಗಿ ಮಂಜುಗಡ್ಡೆ ದಾರೀಲಿ ಜಾರೋ ಆಟ) ಆಟಗಾರ ಹೆರಾಸ್ಕೆವಿಚ್ ಓಟ ಮುಗಿಸಿ ಕ್ಯಾಮೆರಾ ಮುಂದೆ ಉಕ್ರೇನಿನಲ್ಲಿ ಯುದ್ಧ ಬೇಡ ಅನ್ನೋ ಕಾಗದ ಹಿಡಿದಿದ್ದ. ಒಲಿಂಪಿಕ್ ಸಮಿತಿಯವ್ರು ಇದು ಶಾಂತಿಗಾಗಿ ಮಾಡಿದ ಸಾಮಾನ್ಯ ಮನವಿ ಅಷ್ಟೇ, ತಪ್ಪೇನಿಲ್ಲ ಅಂದ್ರು. ಸಾಮಾನ್ಯ ಮನವಿ ಅಂತೆ, ದೇಶದ ಹೆಸರು ಅಷ್ಟು ದಪ್ಪಕ್ಷರದಲ್ಲಿ ಬರ್ದಿದ್ರೂ. ಹದಿಮೂರು ದಿನಕ್ಕೆ ಅದು ಎಷ್ಟು ಸಾಮಾನ್ಯ ಅಂತ ಗೊತ್ತಾಯ್ತು.

ಹಳೇ ಕಾಲದಲ್ಲಿ ಎಲ್ಲ ಚೆನ್ನಾಗಿತ್ತು, ಗ್ರೀಕರು ಕತ್ತಿ ಕೆಳಗಿಟ್ಟು ಓಡ್ತಿದ್ರು ಅಂತ ಭಾಷಣದಲ್ಲಿ ಹೇಳ್ತಾರಲ್ಲ, ಅದೂ ಪೂರ್ತಿ ನಿಜ ಅಲ್ಲ. ಆ ವಿರಾಮ ಇದ್ದಿದ್ದು ಮುಖ್ಯವಾಗಿ ಕೂಟಕ್ಕೆ ಹೋಗಿಬರೋರನ್ನ ದಾರಿಲಿ ಯಾರೂ ಹೊಡೀಬಾರ್ದು ಅಂತ. ಕ್ರಿ.ಪೂ. 364ರಲ್ಲಂತೂ ಕೂಟ ನಡೀತಿದ್ದಾಗ್ಲೇ ಒಲಿಂಪಿಯಾದ ಪವಿತ್ರ ಆವರಣದ ಒಳಗೇ ಎಲಿಸ್‌ನವ್ರಿಗೂ ಆರ್ಕೇಡಿಯಾದವ್ರಿಗೂ ಬಡಿದಾಟ ಆಯ್ತು. ಇನ್ನು 1988ರ ಸಿಯೋಲ್ ಉದ್ಘಾಟನೆಲಿ ಶಾಂತಿಯ ಸಂಕೇತ ಅಂತ ಬಿಟ್ಟ ಪಾರಿವಾಳಗಳಲ್ಲಿ ಒಂದಷ್ಟು ಹೋಗಿ ಜ್ಯೋತಿ ಹೊತ್ತಿಸೋ ಕುಂಡದ ಅಂಚಲ್ಲೇ ಕೂತಿದ್ವು. ಕಾರ್ಯಕ್ರಮದ ಪಟ್ಟಿ ಪ್ರಕಾರ ಜ್ಯೋತಿ ಹೊತ್ತಿಸೋ ಟೈಮ್ ಬಂತು, ಹೊತ್ತಿಸಿದ್ರು. ಇಡೀ ಪ್ರಪಂಚ ಲೈವ್ ನೋಡ್ತಿತ್ತು. ಆಮೇಲಾಮೇಲೆ ಬಟ್ಟೆ, ಕಾಗದ, ಲೈಟಿನ ಪಾರಿವಾಳ ಬಂದ್ವು, ಅವು ಹೇಳಿದ ಕಡೆ ಹಾರ್ತವೆ, ಹೇಳಿದ ಕಡೆ ಇಳೀತವೆ, ಆಯೋಜಕರಿಗೆ ಆಟಗಾರರೂ ಹಿಂಗೇ ಇದ್ರೆ ಎಷ್ಟು ಚೆಂದ ಅನ್ಸಿರುತ್ತೆ.

ಈ ಮೈದಾನಕ್ಕೆ ಯುದ್ಧದ ಸಾಮಾನು ಬರಬಾರ್ದು ಅಂತ ಮಾತ್ರ ಯಾವ ನಿಯಮನೂ ಇಲ್ಲ ನೋಡಿ. ಅಮೆರಿಕದಲ್ಲಿ ಮ್ಯಾಚಿಗೆ ಮುಂಚೆ ಸ್ಟೇಡಿಯಂ ಮೇಲೆ ಫೈಟರ್ ಜೆಟ್ ಹಾರುತ್ತೆ, ಕೆಲವು ತಂಡ ಸೈನಿಕರ ಮಚ್ಚೆ ಬಟ್ಟೆ ಥರದ ಜೆರ್ಸಿ ಹಾಕ್ಕೊಂಡು ಆಡುತ್ತೆ, ಮಧ್ಯದಲ್ಲಿ ಸೈನಿಕರಿಗೆ ಸನ್ಮಾನ, ಜನ ಎದ್ದು ನಿಂತು ಕಣ್ಣೊರೆಸ್ಕೊತಾರೆ. 2015ರಲ್ಲಿ ಮೆಕೇನ್ ಮತ್ತು ಫ್ಲೇಕ್ ಅನ್ನೋ ಇಬ್ಬರು ಸೆನೆಟರ್‌ಗಳು ಲೆಕ್ಕ ತೆಗೆಸಿದ್ರೆ ಇಂಥ ದೇಶಭಕ್ತಿಗೆ ಅಲ್ಲಿನ ರಕ್ಷಣಾ ಇಲಾಖೆ ತಂಡಗಳಿಗೆ 68 ಲಕ್ಷ ಡಾಲರ್ ಕೊಟ್ಟಿತ್ತು ಅಂತ ಗೊತ್ತಾಯ್ತು. ಜಾಹೀರಾತು ಅಂದ್ಮೇಲೆ ಬಿಲ್ ಇರ್ಲೇಬೇಕಲ್ಲ. ಶಾಂತಿಯವ್ರ ಹತ್ರ ಬಜೆಟ್ ಇಲ್ಲ, ಶೂ ಮೇಲೆ ಪೆನ್ನಲ್ಲಿ ಬರ್ಕೊಂಡ್ ಬಂದ್ರೆ ಯಾರು ತಾನೇ ಬಿಡ್ತಾರೆ.

ಆಟಗಾರರನ್ನ ಹೊಗಳೋಕೆ ಕೂತಿಲ್ಲ ನಾನು. ಮುಕ್ಕಾಲು ಪಾಲು ಸ್ಟಾರ್‌ಗಳ ಶಾಂತಿ ಮ್ಯಾನೇಜರ್ ಕಂಪ್ಯೂಟರ್‌ನಿಂದ ಬರುತ್ತೆ, ಒಂದು ಮೇಣದಬತ್ತಿ ಚಿತ್ರ, ಎಲ್ಲರಿಗಾಗಿ ಪ್ರಾರ್ಥಿಸ್ತೀನಿ ಅಂತ ಒಂದು ಸಾಲು, ಅರ್ಧ ಗಂಟೆ ಬಿಟ್ಟು ಅದೇ ಅಕೌಂಟಲ್ಲಿ ಎನರ್ಜಿ ಡ್ರಿಂಕು. ಹಾವೂ ಸಾಯಬಾರದು ಕೋಲೂ ಮುರೀಬಾರದು. ಅಭಿಮಾನಿಗಳು ಇನ್ನೂ ಜೋರು, ಸುಮ್ನಿದ್ರೆ ಇವನಿಗೆ ಬೆನ್ನುಮೂಳೆ ಇಲ್ಲ, ಬಾಯಿಬಿಟ್ರೆ ನಿಂಗ್ಯಾಕೆ ಬೇಕು ಸುಮ್ನೆ ಆಟ ಆಡು, ನಮ್ಮ ಕಡೆಗೇ ಮಾತಾಡಿದ್ರೆ ಮಾತ್ರ ಅಣ್ಣ ಲೆಜೆಂಡ್.

ಐವರಿ ಕೋಸ್ಟ್‌ನ ಫುಟ್‌ಬಾಲ್ ಆಟಗಾರ ದ್ರೋಗ್ಬಾ ಒಬ್ಬ ಈ ಗೊಂದಲಕ್ಕೆಲ್ಲ ಸಿಕ್ಕಲೇ ಇಲ್ಲ. 2005ರ ಅಕ್ಟೋಬರ್‌ನಲ್ಲಿ ಸುಡಾನ್‌ನಲ್ಲಿ ಮ್ಯಾಚ್ ಗೆದ್ದು ಐವರಿ ಕೋಸ್ಟ್ ಮೊದಲ ಸಲ ವಿಶ್ವಕಪ್‌ಗೆ ಹೋದ ದಿನ, ಡ್ರೆಸ್ಸಿಂಗ್ ರೂಮಲ್ಲಿ ಮೈಕ್ ತಗೊಂಡು, ತಂಡದವ್ರನ್ನೆಲ್ಲ ಪಕ್ಕಕ್ಕೆ ಕರ್ಕೊಂಡು, ಮಂಡಿಯೂರಿ ನಮ್ಮ ದೇಶದ ಜನ ಬಂದೂಕು ಕೆಳಗಿಡಿ ಅಂತ ಟಿವಿಲಿ ಬೇಡ್ಕೊಂಡ. ಯಾವ ದೇಶ, ಯಾವ ಯುದ್ಧ ಅಂತ ಸ್ಪಷ್ಟವಾಗೇ ಹೇಳಿದ. ಎರಡು ವರ್ಷಕ್ಕೆ ಬಂಡುಕೋರರ ಊರಾಗಿದ್ದ ಬುವಾಕೆಯಲ್ಲೇ ತಂಡ ಮ್ಯಾಚ್ ಆಡಿ ಮಡಗಾಸ್ಕರ್‌ನ 5-0 ಹೊಡೀತು. ಅವನೊಬ್ಬನಿಂದಾನೇ ಯುದ್ಧ ನಿಂತಿದ್ದು ಅಂದ್ರೆ ಅದು ಅಭಿಮಾನಿ ಸಂಘದ ಮಾತಾಗುತ್ತೆ, 2010ರ ಚುನಾವಣೆ ಆದ್ಮೇಲೆ ಮತ್ತೆ ರಕ್ತ ಹರೀತು. ಆದ್ರೂ ಆವತ್ತು ಆ ಕೋಣೆಯಲ್ಲಿ ಮಂಡಿಯ ಸೈಜು ಅಳೆಯೋಕೆ ಯಾವ ಅಧಿಕಾರಿನೂ ಇರ್ಲಿಲ್ಲ ಅನ್ನೋದು ದೊಡ್ಡ ಭಾಗ್ಯ.

ಈ ಸಂಸ್ಥೆಗಳು ಶಾಂತಿವಾದಿ ಆಟಗಾರನನ್ನ ಮೆಚ್ಚೋದೇ ಇಲ್ಲ ಅಂತಲ್ಲ, ಟೈಮ್ ತಗೊತಾರೆ. ಮುಹಮ್ಮದ್ ಅಲಿ 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಬರಲ್ಲ ಅಂದಾಗ ಅದೇ ದಿನ ಬಾಕ್ಸಿಂಗ್ ಕಮಿಷನ್ ಲೈಸೆನ್ಸ್ ಕಿತ್ಕೊಳ್ತು, ಕೋರ್ಟು ಐದು ವರ್ಷ ಜೈಲು, 10,000 ಡಾಲರ್ ದಂಡ ಅಂತು, ಸುಪ್ರೀಂ ಕೋರ್ಟ್ 1971ರಲ್ಲಿ ಶಿಕ್ಷೆ ರದ್ದು ಮಾಡೋವಷ್ಟರಲ್ಲಿ ಮೈಯಲ್ಲಿ ಕಸುವಿದ್ದ ಮೂರು ವರ್ಷಕ್ಕೂ ಮಿಕ್ಕಿ ರಿಂಗ್ ಹೊರಗೇ ಕಳೆದಿತ್ತು. 1996ಕ್ಕೆ ಅಟ್ಲಾಂಟಾದಲ್ಲಿ ಒಲಿಂಪಿಕ್ ಜ್ಯೋತಿ ಹೊತ್ತಿಸೋಕೆ ಅವನನ್ನೇ ಕರೆದ್ರು, 1998ರಲ್ಲಿ ವಿಶ್ವಸಂಸ್ಥೆ ಶಾಂತಿದೂತ ಅಂತು, ಅಷ್ಟೊತ್ತಿಗೆ ಪಾರ್ಕಿನ್ಸನ್ ಬಂದು ಕೈ ನಡುಗ್ತಿತ್ತು, ಮಾತು ತೊದಲ್ತಿತ್ತು, ಇನ್ನೇನೂ ಅಪಾಯ ಇಲ್ಲ ಅಂತ ಖಾತ್ರಿಯಾಗಿತ್ತು. ಜ್ಯೋತಿಯ ಲೆಕ್ಕ ಹಿಡಿದ್ರೆ 29 ವರ್ಷ. ಅದೇ ರೇಟಲ್ಲಿ ಖವಾಜನ ಸನ್ಮಾನ 2052ಕ್ಕೆ ಬೀಳುತ್ತೆ, ಆಗ ಅವನಿಗೆ 65, ಪಾರಿವಾಳದ ಸ್ಟಿಕ್ಕರ್‌ನ ಒರಿಜಿನಲ್ ಸೈಜಲ್ಲೇ ಫ್ರೇಮ್ ಹಾಕಿಸಿ ಕೊಡ್ತಾರೆ, ಕೆಳಗೆ ಸ್ಪಾನ್ಸರ್ ಹೆಸರಿಗೆ ಒಂದಿಷ್ಟು ಜಾಗ ಬಿಟ್ಟು.