ಗುಂಡು ದೊಡ್ಡದಾದರೆ ಕಾಡೆಮ್ಮೆ ಹಿಂದಕ್ಕೆ ಬೀಳುತ್ತದೆಯೇ? ಸತ್ಯಾಂಶ ಇಲ್ಲಿದೆ

‘ಆಫ್ರಿಕಾದಲ್ಲಿ ಬೇಟೆಗೆ 458 ರೈಫಲ್ ಒಂದಿದ್ದರೆ ಸಾಕು. ಗುಂಡು ಎಲ್ಲಿ ತಗುಲಿದರೂ ಆ ಹೊಡೆತಕ್ಕೇ ಕಾಡೆಮ್ಮೆ ಹಿಂದಕ್ಕೆ ಬೀಳುತ್ತದೆ’ ಎಂಬ ಫಾರ್ವರ್ಡ್ ಓಡಾಡುತ್ತಿದೆ. (458 ಎಂದರೆ ಗುಂಡಿನ ವ್ಯಾಸ 0.458 ಇಂಚು.) ಇದು ನಿಜವಲ್ಲ.

ಒಂದು ಸಣ್ಣ ಲೆಕ್ಕ ನೋಡಿ. 458 ವಿನ್‌ಚೆಸ್ಟರ್ ಮ್ಯಾಗ್ನಂ ಗುಂಡಿನ ತೂಕ ಸುಮಾರು 32 ಗ್ರಾಂ. ನಳಿಗೆ ಬಿಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 640 ಮೀಟರ್. ಅದು 700 ಕೆಜಿಯ ಪ್ರಾಣಿಯನ್ನು ತಳ್ಳುವುದು ಸೆಕೆಂಡಿಗೆ ಬರೀ 3 ಸೆಂಟಿಮೀಟರ್ ವೇಗದಲ್ಲಿ. ಅಷ್ಟೇ ಜೋರಾಗಿ ರೈಫಲ್ ಹಾರಿಸಿದವನ ಭುಜಕ್ಕೂ ಗುದ್ದುತ್ತದೆ. ಅವನು ಹಾರಿ ಬೀಳುವುದಿಲ್ಲ, ಅಲ್ವಾ?

ಗುಂಡು ಮೆದುಳು ಅಥವಾ ಬೆನ್ನುಹುರಿಗೆ ತಗುಲಿದರೆ ಪ್ರಾಣಿ ಅಲ್ಲೇ ಕುಸಿಯುತ್ತದೆ. ಹೃದಯಕ್ಕೆ ತಗುಲಿದ ಕಾಡೆಮ್ಮೆ ಇನ್ನೂ ಸ್ವಲ್ಪ ದೂರ ಓಡುವುದುಂಟು. ಹಾಗಾಗಿ ಗುಂಡು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದೇ ಮುಖ್ಯ. ಆನೆಯ ದಪ್ಪ ಬುರುಡೆಗೆ ಆಕಾರ ಕೆಡದ ಸಾಲಿಡ್ ಗುಂಡು ಬೇಕು. ಸಿಂಹಕ್ಕೆ ಒಳಗೆ ಹೋಗಿ ಅರಳುವ ಸಾಫ್ಟ್ ಗುಂಡು.

ಸ್ಕಾಟ್ಲೆಂಡಿನ ಬೇಟೆಗಾರ ಡಬ್ಲ್ಯೂ.ಡಿ.ಎಂ. ಬೆಲ್ 1,000ಕ್ಕೂ ಹೆಚ್ಚು ಆನೆಗಳನ್ನು ಕೊಂದರು. ಆ ಸಂಖ್ಯೆ ಓದಿದರೆ ನನಗೆ ಸಂಕಟವಾಗುತ್ತದೆ. ಅವುಗಳಲ್ಲಿ ಬಹಳಷ್ಟು ಸತ್ತಿದ್ದು 7 ಮಿಲಿಮೀಟರ್‌ನ ಸಣ್ಣ ಗುಂಡಿಗೆ. ಮೆದುಳು ಎಲ್ಲಿದೆ ಎಂದು ಬೆಲ್‌ಗೆ ಚೆನ್ನಾಗಿ ಗೊತ್ತಿತ್ತು.

ಹಾಗಂತ ಸಣ್ಣ ರೈಫಲ್ ಸಾಕು ಎಂದಲ್ಲ. ಆಫ್ರಿಕಾದ ಹಲವು ದೇಶಗಳಲ್ಲಿ ಇಂಥ ಪ್ರಾಣಿಗಳಿಗೆ 375 ಕ್ಯಾಲಿಬರ್ (0.375 ಇಂಚು ವ್ಯಾಸದ ಗುಂಡು) ಕನಿಷ್ಠ ಮಿತಿ. ಆದರೆ ಅದಕ್ಕಿಂತ ಜಾಸ್ತಿ ಭುಜಕ್ಕೆ ಗುದ್ದುವ ರೈಫಲ್ ಹಿಡಿದು, ಹೆದರಿ ಕಣ್ಣು ಮುಚ್ಚಿ ಹಾರಿಸಿದರೆ ಗುಂಡು ಹೊಟ್ಟೆಗೆ ಬೀಳಬಹುದು. ಗಾಯಗೊಂಡ ಕಾಡೆಮ್ಮೆ ಪೊದೆ ಸೇರುತ್ತದೆ. ಆಗ ಅದರ ಜಾಡು ಹಿಡಿದು ಮುಂದೆ ನಡೆಯಬೇಕಾದವರು ಅಲ್ಲಿನ ಊರಿನ ಟ್ರ್ಯಾಕರ್‌ಗಳು.